ಎತ್ತಿ ಕುಡಿದ ಹಾಲು

ತ್ರಿವಿಕ್ರಮ ಬರುತ್ತಾನೆ ಎಂದು ಗೊತ್ತಿದ್ದರೆ ನಾನು ಆ ಭಾನುವಾರ ಬದರಿನಾಥರ ಮನೆಗೆ ಹೋಗುತ್ತಲೇ ಇರಲಿಲ್ಲ. ಅಮ್ಮನಾಣೆಗೂ ಹೋಗುತ್ತಿರಲಿಲ್ಲ. ಜ್ವರ ಎಂದೋ, ಕಾರು ಕೆಟ್ಟಿದೆ ಎಂದೋ ಒಂದು ಸುಳ್ಳು ಹೇಳಿ, ಸಿಯಾಟಲ್ ಪಕ್ಕದ ಕರ್ಕ್‌ಲ್ಯಾಂಡಿನ ನನ್ನ ಅಪಾರ್ಟ್‌ಮೆಂಟಿನಲ್ಲಿ ಬಾಗಿಲು ಹಾಕಿಕೊಂಡು, ಚಿತ್ರಾನ್ನ ತಿಂದು ಮಲಗಿರುತ್ತಿದ್ದೆ.

ಬದರಿನಾಥರ ಹೆಂಡತಿ ಶ್ರೀವಿದ್ಯಕ್ಕ ಫೋನಿನಲ್ಲಿ ಪ್ರಮಾಣ ಮಾಡಿದ್ದರು. "ಅವನು ಬರಲ್ಲ ಕಣೇ ವಸಂತಾ. ನೀನು ಧೈರ್ಯವಾಗಿ ಬಾ. ಟಾಂಜಾನಿಯಾ ಫೋಟೋ, ವಿಡಿಯೋ ಎಲ್ಲಾ ತೋರಿಸ್ತಾರಂತೆ. ಹೋಗಿಬಂದೋರೇ ಇಲ್ಲದಿದ್ರೆ ಹೆಂಗೆ?"

ಸ್ನೊಕ್ವಾಲ್ಮಿ ರಿಡ್ಜ್‌ನ ಆ ಮನೆಯ ಗ್ಯಾರೇಜಿನಲ್ಲಿ ಚಪ್ಪಲಿ ಬಿಡುವಾಗಲೇ ನನ್ನ ಕಣ್ಣಿಗೆ ಬಿತ್ತು. ಮೂವತ್ತು ಜೊತೆ ಶೂ, ಚಪ್ಪಲಿಗಳ ನಡುವೆ ಆ ಒಂದು ಜೊತೆ ಬೂಟು. ಹೊಲಿಗೆಯ ಸಂದಿಯಲ್ಲಿ ಆಫ್ರಿಕಾದ ಧೂಳು ಹಾಗೇ ಕೂತಿದೆ. ಪ್ರವಾಸದಿಂದ ಬಂದು ಎರಡು ತಿಂಗಳಾಯಿತು, ಪುಣ್ಯಾತ್ಮ ಬೂಟು ತೊಳೆದಿಲ್ಲ. ಛೀ! ನಾನು ನನ್ನ ಚಪ್ಪಲಿಯನ್ನು ಅದರಿಂದ ಎರಡಡಿ ದೂರದಲ್ಲಿ ಇಟ್ಟೆ.

"ಬರಲ್ಲ ಅಂದ್ರಲ್ಲ ಅಕ್ಕಾ?" ಎಂದು ಅಡುಗೆಮನೆಯಲ್ಲಿ ಶ್ರೀವಿದ್ಯಕ್ಕನನ್ನು ಹಿಡಿದೆ.

"ಐದು ನಿಮಿಷ ಬಂದು ಹೋಗ್ತೀನಿ ಅಂದ ಕಣೇ. ಬದರಿ ಹತ್ರ ಏನೋ ಮಾತಾಡ್ಬೇಕಂತೆ." ಅವರು ಬಾಣಲೆಯಿಂದ ಬೋಂಡ ಎತ್ತುತ್ತಾ ನನ್ನ ಮುಖವನ್ನೇ ನೋಡಿದರು. "ಕಂಪನಿಯವರು ಸೌತ್ ಕೆರೊಲಿನಾ ಪ್ಲಾಂಟ್‌ಗೆ ಕರೀತಿದಾರಂತೆ. ಹೋಗ್ತೀನೋ ಇಲ್ವೋ ಅಂತ ನಾಳೆ ಬೆಳಿಗ್ಗೆ ಉತ್ತರ ಕೊಡ್ಬೇಕಂತೆ. ಹೋಗ್ತಾನೆ ಬಿಡು. ಇಲ್ಲಿ ಅವನಿಗೆ ಯಾರಿದಾರೆ?"

ಬೋಂಡ ತಿನ್ನುವ ಆಸೆಯೇ ಹೋಯಿತು. ಎಣ್ಣೆ ವಾಸನೆಗೆ ಇರಬೇಕು ಎಂದುಕೊಂಡೆ.

ತಿರುಗಿ ನೋಡಿದರೆ ಅವನೇ. ಡೈನಿಂಗ್ ಟೇಬಲ್ಲಿನ ಆಚೆ ನಿಂತು, ಯಾರದೋ ಮಗು ಕಚ್ಚಿ ಬಿಟ್ಟುಹೋಗಿದ್ದ ಅರ್ಧ ಬೋಂಡವನ್ನು ಪೇಪರ್ ಪ್ಲೇಟಿನಿಂದ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದಾನೆ! ಅಷ್ಟರಲ್ಲಿ ನನ್ನನ್ನು ಕಂಡ. ಅಗಿಯುವುದು ನಿಂತಿತು. ಅವನ ಕಣ್ಣು ನನ್ನ ಮುಖದಿಂದ ಕಿವಿಯ ಜುಮಕಿಗೆ ಹೋಗಿ, ಅಲ್ಲಿ ಒಂದು ಕ್ಷಣ ನಿಂತು, ಮತ್ತೆ ನನ್ನ ಕಣ್ಣಿಗೆ ಬಂತು. ನಾನು ಮೂಗು ಮುರಿದು ಮುಖ ತಿರುಗಿಸಿದೆ. ಆದರೆ ಎಷ್ಟು ಹೊತ್ತು ನೋಡಿದ ಎನ್ನುವುದು ನನಗೆ ಸರಿಯಾಗಿ ಗೊತ್ತು, ಯಾಕೆಂದರೆ ಅಷ್ಟೂ ಹೊತ್ತು ನಾನೂ ನೋಡುತ್ತಿದ್ದೆ.

ನನ್ನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಹೆಸರು ವಸಂತಲಕ್ಷ್ಮಿ, ಮೂವತ್ತೆರಡು ವರ್ಷ, ಮೈಸೂರಿನ ಅಗ್ರಹಾರದವಳು. ನನಗೆ ಅಸಹ್ಯವಾಗದ ವಸ್ತುಗಳ ಪಟ್ಟಿಯನ್ನು ಒಂದು ಅಂಗೈ ಮೇಲೆ ಬರೆಯಬಹುದು. ಪಕ್ಕದವರ ತಟ್ಟೆಯ ಚಮಚ ಪಲ್ಯದ ಪಾತ್ರೆಗೆ ಬಂದರೆ ಆ ಪಲ್ಯ ನನಗೆ ಮುಗಿಯಿತು. ಆಫೀಸಿನಲ್ಲಿ ಒಂದೇ ಬಟ್ಟಲಿನ ಸಾಲ್ಸಾ ಚಟ್ನಿಗೆ ಹತ್ತು ಜನ ಕಚ್ಚಿದ ಚಿಪ್ಸ್ ಅದ್ದುವುದನ್ನು ನೋಡಿ ಮೊದಲ ವಾರ ನಾನು ಊಟವನ್ನೇ ಮಾಡಿರಲಿಲ್ಲ. ಇದೆಲ್ಲ ನಮ್ಮಜ್ಜಿಯ ಕೃಪೆ. ಲೋಟಕ್ಕೆ ತುಟಿ ತಾಕಿಸಿದರೆ "ಎಂಜಲು ಮಾಡಿದ್ಯಾ? ಕಚ್ಚಿ ಕುಡಿಯಕ್ಕೆ ನಾಯಿಯೇನೇ ನೀನು?" ಎಂದು ತಲೆಗೆ ಮೊಟಕುತ್ತಿದ್ದರು. ಕತ್ತು ಹಿಂದಕ್ಕೆ ಚಾಚಿ, ಲೋಟ ಗೇಣುದ್ದ ಮೇಲೆತ್ತಿ, ಗಟಗಟ ಸುರಿದುಕೊಳ್ಳಬೇಕು. ಐದನೇ ವರ್ಷಕ್ಕೆ ನನಗೆ ಆ ವಿದ್ಯೆ ಬಂದಿತ್ತು. ಈಗಲೂ ಬೆಲ್ವ್ಯೂ ಮಾಲಿನಲ್ಲಿ ನಾನು ನೀರು ಕುಡಿದರೆ ಜನ ನಿಂತು ನೋಡುತ್ತಾರೆ.

ಇಂಥವಳಿಗೆ ಗಂಟುಬಿದ್ದವನು ಯಾರು? ವಿಮಾನದ ಕಕ್ಕಸು ಡಿಸೈನ್ ಮಾಡುವವನು!

ನಿಜವಾಗಿಯೂ. ಸೆಪ್ಟೆಂಬರಿನಲ್ಲಿ ಬದರಣ್ಣ ನಮ್ಮ ಕನ್ನಡ ಗುಂಪಿನ ಎಂಟು ಜನರನ್ನು ಟಾಂಜಾನಿಯಾಕ್ಕೆ ಕರೆದುಕೊಂಡು ಹೊರಟಾಗ, ಏರ್‌ಪೋರ್ಟಿನಲ್ಲಿ ಅವನ ಪರಿಚಯವಾಯಿತು. ತುಮಕೂರಿನವನು, ಎವರೆಟ್‌ನಲ್ಲಿ ಏರೋಸ್ಪೇಸ್ ಎಂಜಿನಿಯರು. ಏನು ಕೆಲಸ ಎಂದು ಕೇಳಿದೆ. "ವಿಮಾನದಲ್ಲಿ ಫ್ಲಶ್ ಒತ್ತಿದ್ರೆ ಭರ್ರ್ ಅಂತ ಶಬ್ದ ಬರುತ್ತಲ್ಲ ಮೇಡಂ? ಆ ಶಬ್ದ ನಂದು," ಎಂದ. ನಾನು ಹ್ಯಾಂಡ್‌ಬ್ಯಾಗಿನಿಂದ ಸ್ಯಾನಿಟೈಸರ್ ತೆಗೆದೆ. ಕೈಕುಲುಕಿ ಅರ್ಧ ನಿಮಿಷವೂ ಆಗಿರಲಿಲ್ಲ. ಅವನು ಬೇಜಾರು ಮಾಡಿಕೊಳ್ಳದೆ ತನ್ನ ಅಂಗೈಯನ್ನೂ ಚಾಚಿದ. ಹನಿ ಹಾಕಿದೆ. "ಕಣ್ಣಿಗೂ ಹಾಕ್ಕೋಬೇಕಾ?" ಎಂದು ಗಂಭೀರವಾಗಿ ಕೇಳಿದ. "ಇಷ್ಟೊತ್ತು ನಿಮ್ಮನ್ನ ಮುಟ್ಟಿದ್ದು ಅದೇ ಜಾಸ್ತಿ."

ಬಿಟ್ಟಿ ಮಾತು. ಆದರೂ ವಿಮಾನ ಏರುವವರೆಗೆ ನನ್ನ ಕಿವಿ ಬಿಸಿಯಾಗಿತ್ತು.

ಮುಂದಿನ ಆರು ದಿನ ಜೀಪಿನಲ್ಲಿ ನಾನು ಮುಂದೆ, ಅವನು ಹಿಂದೆ. ಡ್ರೈವರಿನ ಕನ್ನಡಿಯಲ್ಲಿ ಅವನ ಕಣ್ಣು ಮಾತ್ರ ಕಾಣುತ್ತಿತ್ತು. ಎಲ್ಲರೂ ಸಿಂಹ ನೋಡುತ್ತಿದ್ದಾಗ ಆ ಕಣ್ಣು ಸಿಂಹದ ಕಡೆ ಇರುತ್ತಿರಲಿಲ್ಲ. ನಾನು ಅರ್ಧ ತಿಂದು ಬಿಟ್ಟ ಬಾಳೆಹಣ್ಣನ್ನು "ವೇಸ್ಟ್ ಯಾಕೆ?" ಎಂದು ತಿಂದುಬಿಟ್ಟ. ಎಂಜಲು! ನಾನು ಕಿರುಚಿದೆ. "ಚೆನ್ನಾಗಿದೆ ಎಂಜಲು," ಎಂದು ಸಿಪ್ಪೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಎಂಥ ಅಸಹ್ಯ! ಮರುದಿನ ಬೇಕೆಂದೇ ಅರ್ಧ ಬಾಳೆಹಣ್ಣು ಬಿಟ್ಟೆ. ಯಾಕೆ ಎಂದು ನನ್ನನ್ನು ಕೇಳಬೇಡಿ.

ಏಳನೆಯ ದಿನ ಬೆಳಿಗ್ಗೆ ಲಾಡ್ಜಿನ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಅವನು ಮೊದಲ ಸಲ ನನ್ನನ್ನು ಏಕವಚನದಲ್ಲಿ ಕರೆದ.

"ಸಿಯಾಟಲ್‌ಗೆ ಹೋದ್ಮೇಲೆ ನಿನ್ನ ಒಂದು ಮಾತು ಕೇಳ್ತೀನಿ. ಏನು ಅಂತ ಗೊತ್ತು ತಾನೆ?"

"ಗೊತ್ತಿಲ್ಲಪ್ಪ."

"ಗೊತ್ತಿಲ್ದೆ ಇದ್ರೆ ಕಿವಿ ಯಾಕೆ ಕೆಂಪಗಾಗಿದೆ?"

"ಚಳಿ."

"ಒಂದೇ ಕಿವಿಗಾ?"

ಅವನ ಕಡೆ ಇದ್ದ ಕಿವಿಯನ್ನು ಕೂದಲಿಂದ ಮುಚ್ಚಿಕೊಂಡೆ. ಹೂಂ ಎನ್ನುವುದು ಎಂದು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಅಮ್ಮನಿಗೆ ಫೋನಿನಲ್ಲಿ "ಏರೋಸ್ಪೇಸ್" ಎಂದಷ್ಟೇ ಹೇಳಿ, ಕಕ್ಕಸಿನ ವಿಷಯ ಮದುವೆಯಾದ ಮೇಲೆ ಬಿಡಿಸಿ ಹೇಳೋಣ ಎಂದೂ ಯೋಚಿಸಿದ್ದೆ.

ಆ ದಿನವೇ ಎಲ್ಲ ಹಾಳಾಯಿತು.

ಬದರಣ್ಣನ ಪ್ರಿಂಟ್‌ಔಟಿನಲ್ಲಿ ಅದು ಒಂದು ಸಾಲು: ಹನ್ನೊಂದರಿಂದ ಹನ್ನೆರಡೂವರೆ, ದಾತೋಗ ಕುಟುಂಬದ ಭೇಟಿ. ಅದಕ್ಕಿಂತ ಮೇಲಿನ ಸಾಲು ಟಾಯ್ಲೆಟ್ ಸ್ಟಾಪ್, ಕೆಳಗಿನ ಸಾಲು ಊಟ. ದನ, ಆಡು ಸಾಕಿಕೊಂಡು ಬದುಕುವ ಜನ ಅವರು. ಎಯಾಸಿ ಕೆರೆಯ ಕಡೆಯ ಒಣಭೂಮಿಯಲ್ಲಿ ಮುಳ್ಳಿನ ಬೇಲಿ, ಒಳಗೆ ಮಣ್ಣು ಸಗಣಿ ಮೆತ್ತಿದ ತಗ್ಗು ಮನೆ. ಜೀಪಿನಿಂದ ಇಳಿದ ನಮ್ಮ ಎಂಟು ಜನರ ಕೈಯಲ್ಲೂ ಫೋನು. ಬದರಣ್ಣ ತನ್ನ ಗೋಪ್ರೋ ಕ್ಯಾಮೆರಾವನ್ನು ಬೇಲಿಯ ಗೂಟಕ್ಕೆ ಕಟ್ಟಿ ಆನ್ ಮಾಡಿದ. ಗೂಟ ಯಾರದು, ಬೇಲಿ ಯಾರದು ಎಂದು ಒಬ್ಬರೂ ಕೇಳಲಿಲ್ಲ.

ಮನೆಯ ಯಜಮಾನಿ ಅಜ್ಜಿ ಒಬ್ಬರು ಬಾಗಿಲಲ್ಲಿ ನಿಂತಿದ್ದರು. ಎರಡೂ ಕಣ್ಣಿನ ಸುತ್ತ ಚುಕ್ಕಿ ಚುಕ್ಕಿಯಾಗಿ ದುಂಡಗೆ ಹಚ್ಚೆ. ಮೊಣಕೈವರೆಗೆ ಹಿತ್ತಾಳೆ ಬಳೆ. ಸೊಂಟಕ್ಕೆ ಮೆತ್ತಗೆ ಹದ ಮಾಡಿದ ತೊಗಲಿನ ಲಂಗ, ನಡೆದರೆ ಅದರ ಅಂಚಿನ ಎಳೆಗಳು ಸರಸರ ಎನ್ನುತ್ತಿದ್ದವು. ಬೀಸುವ ಕಲ್ಲಿನ ಮುಂದೆ ಮಂಡಿಯೂರಿ ಜೋಳ ಅರೆದು ತೋರಿಸಿದರು. ನಮ್ಮವರೆಲ್ಲ ಸರದಿಯಲ್ಲಿ ಅರೆದಂತೆ ನಟಿಸಿ ಫೋಟೋ ತೆಗೆಸಿಕೊಂಡರು. ನಾನು ಸ್ಕಾರ್ಫಿನಿಂದ ಮೂಗು ಮುಚ್ಚಿಕೊಂಡು ದೂರದಲ್ಲಿ, ಬೇಲಿಯ ಹತ್ತಿರ ನಿಂತೆ. ಸಗಣಿ, ಹೊಗೆ, ತೊಗಲು, ನೊಣ. ನೊಣವೆಂದರೆ ಎಂಥ ನೊಣ! ನನ್ನ ರೆಪ್ಪೆಯ ಮೇಲೇ ಬಂದು ಕೂತವು.

ಅಜ್ಜಿ ಯಾಕೋ ನನ್ನ ಕಡೆಗೇ ಬಂದರು, ನಾನು ಸ್ಕಾರ್ಫು ಇಳಿಸಿದೆ. ಕೈಯಲ್ಲಿ ಒಂದು ಸೋರೆಬುರುಡೆ, ಒಳಗೆ ಹುಳಿ ಬರಿಸಿದ ಹಾಲು. "ದೂರದಿಂದ ಬಂದವಳು, ಬಾಯಾರಿರಬೇಕು ಅಂತಿದಾರೆ," ಎಂದು ನಮ್ಮ ಗೈಡ್ ಎಮ್ಯಾನುಯೆಲ್ ಇಂಗ್ಲಿಷಿನಲ್ಲಿ ಹೇಳಿದ. ಬುರುಡೆಯ ಬಾಯಲ್ಲಿ ಮೊದಲು ಕುಡಿದವರ ಗುರುತು ಬೆಳ್ಳಗೆ ಒಣಗಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಬೇಡ ಎನ್ನುವ ಹಾಗಿಲ್ಲ, ಬಾಯಿ ಹಾಕುವ ಹಾಗಂತೂ ಇಲ್ಲವೇ ಇಲ್ಲ.

ಎತ್ತಿದೆ. ನಮ್ಮಜ್ಜಿ ಕಲಿಸಿದ ಹಾಗೆ, ಗೇಣುದ್ದ ಮೇಲಕ್ಕೆ.

ಮೊದಲು ಏನೂ ಬರಲಿಲ್ಲ. ಇನ್ನಷ್ಟು ಬಗ್ಗಿಸಿದೆ. ಗಡ್ಡೆ ಕಟ್ಟಿದ ಹಾಲು ಬುರುಡೆಯ ಕತ್ತಿನಲ್ಲಿ ಸಿಕ್ಕಿಕೊಂಡಿತ್ತೋ ಏನೋ, ಭಳಕ್ ಎಂದು ಒಟ್ಟಿಗೆ ಬಂತು. ಮೂಗಿಗೆ, ಕಣ್ಣಿಗೆ, ಕೂದಲಿಗೆ, ಕುರ್ತಾದೊಳಕ್ಕೆ. ಹುಳಿ ವಾಸನೆ, ಹೊಗೆ ವಾಸನೆ. ನಾನು ವ್ಯಾಕ್ ಎಂದು ಉಗಿದೆ. ಬುರುಡೆಯನ್ನು ಯಾರ ಕೈಗೆ ತುರುಕಿದೆನೋ ಗೊತ್ತಿಲ್ಲ. ಒಣಮಣ್ಣು ಅಷ್ಟೂ ಹಾಲನ್ನು ಕುಡಿಯಿತು. ಬದರಣ್ಣ ಬಿದ್ದು ಬಿದ್ದು ನಕ್ಕ, ಉಳಿದವರೂ ನಕ್ಕರು. ನಾನು ಜೀಪಿಗೆ ಓಡಿ ಬಾಗಿಲು ಹಾಕಿಕೊಂಡು ಒಂದು ಬಾಟಲಿ ಸ್ಯಾನಿಟೈಸರನ್ನು ಮುಖಕ್ಕೆ ಬಳಿದುಕೊಂಡೆ.

ಹತ್ತು ನಿಮಿಷ ಕಳೆದು ಕಿಟಕಿಯಿಂದ ನೋಡಿದೆ. ಉಳಿದವರೆಲ್ಲ ಬಳೆ ಕೊಳ್ಳಲು ಆಚೆ ಹೋಗಿದ್ದರು. ನಮ್ಮವರಲ್ಲಿ ತ್ರಿವಿಕ್ರಮ ಒಬ್ಬನೇ, ಎಮ್ಯಾನುಯೆಲ್ ಜೊತೆ ಆ ಹೆಂಗಸರ ನಡುವೆ. ಅಜ್ಜಿ ನನ್ನ ಹಾಗೆಯೇ ಬುರುಡೆ ಎತ್ತಿ ಅಣಕಿಸುತ್ತಿದ್ದಾರೆ, ಹೆಂಗಸರು ಕೈ ತಟ್ಟುತ್ತಿದ್ದಾರೆ, ಇವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾನೆ. ನನ್ನನ್ನು ನೋಡಿ ಊರೇ ನಗಲಿ. ಆದರೆ ಬೆಳಿಗ್ಗೆ ತಾನೇ ನನ್ನ ಕಿವಿ ನೋಡಿದವನೂ ನಗಬಹುದೇ?

ಅವನು ಜೀಪಿನ ಹತ್ತಿರ ಬಂದಾಗ ಗಾಜು ಇಳಿಸಿ ಹೇಳಿದೆ. "ನಿನ್ನಂಥ ಅಸಹ್ಯದ ಮನುಷ್ಯನ್ನ ನಾನು ನೋಡೇ ಇಲ್ಲ. ಸಿಯಾಟಲ್‌ಗೆ ಹೋಗಿ ಏನೂ ಕೇಳೋ ಶ್ರಮ ತಗೋಬೇಡ. ಉತ್ತರ ಇಲ್ಲ ಅಂತಲೇ."

ಅವನು ಬಾಯಿ ತೆರೆದ. ನಾನು ಗಾಜು ಏರಿಸಿದೆ. ವಾಪಸ್ ಬಂದ ಮೇಲೆ "ಒಂದು ವಿಷಯ ಹೇಳಬೇಕು" ಎಂದು ಒಂದೇ ಒಂದು ಮೆಸೇಜ್ ಕಳಿಸಿದ. ನಂಬರ್ ಬ್ಲಾಕ್ ಮಾಡಿದೆ. ಎರಡು ತಿಂಗಳು ದಿನಾ ಅವನನ್ನು ಬೈದುಕೊಂಡೆ. ದಿನಾ ಬೈಯಬೇಕಾದರೆ ದಿನಾ ನೆನೆಯಲೇಬೇಕಲ್ಲ, ಅದು ಇನ್ನೊಂದು ಕರ್ಮ.

ಈಗ ಬದರಣ್ಣನ ಮನೆಯಲ್ಲಿ ನಾನು ಬೋಂಡದ ತಟ್ಟೆ ಹಿಡಿದು ನಿಂತಿದ್ದಾಗ, ಪ್ಯಾಂಟ್ರಿಯ ಕಡೆಯಿಂದ ತ್ರಿವಿಕ್ರಮ, ಬದರಣ್ಣ ಇಬ್ಬರ ದನಿ ಕೇಳಿಸಿತು.

"ಆ ವಿಡಿಯೋ ಬೇಡ ಬದರಣ್ಣ. ಡಿಲೀಟ್ ಮಾಡಿ ಅಂತ ಅವತ್ತೇ ಹೇಳಿದ್ದೆ."

"ಅಯ್ಯೋ, ತಮಾಷೆಗೆ ಕಣೋ! ಇಡೀ ಟ್ರಿಪ್‌ನ ಹೈಲೈಟೇ ಅದು."

ಓಹೋ, ತಾನು ನಕ್ಕಿದ್ದು ಎಲ್ಲಿ ಕಾಣುತ್ತದೋ ಎಂದು ಹೆದರಿದ್ದಾನೆ ಎಂದುಕೊಂಡೆ. ಹೇಡಿ. ಅಷ್ಟರಲ್ಲಿ ಬದರಣ್ಣ ಚಪ್ಪಾಳೆ ತಟ್ಟಿ ಎಲ್ಲರನ್ನೂ ಲಿವಿಂಗ್ ರೂಮಿಗೆ ಕರೆದ. ತ್ರಿವಿಕ್ರಮ ಸೋಫಾದ ಹಿಂದೆ ಗೋಡೆಗೆ ಒರಗಿದ. ದಾತೋಗ ಮನೆಯ ಮೊದಲ ಫೋಟೋ ಬಂದದ್ದೇ ತಡ, ಗ್ಯಾರೇಜಿನ ಬಾಗಿಲು ತೆರೆದುಕೊಂಡು ಹೊರಟೇಹೋದ.

ಗೋಡೆಯಗಲದ ಟೀವಿ. ಬದರಣ್ಣನ ಕಾಮೆಂಟರಿ ಶುರುವಾಯಿತು.

"ಇದು ನೋಡಿ, ಸಗಣಿ ಮನೆ. ಫೈವ್ ಸ್ಟಾರ್! ಇದು ಆಡಿನ ಚರ್ಮದ ಸ್ಕರ್ಟು. ಸ್ನಾನ ಎಷ್ಟು ವರ್ಷಕ್ಕೊಂದು ಸಲ ಅಂತ ಕೇಳ್ಬೇಡಿ. ಈ ಅಜ್ಜಿ ಕಣ್ಣು ನೋಡಿ, ಸೋಡಾಬುಡ್ಡಿ ಕನ್ನಡಕ ಫ್ರೀ!"

ಎಲ್ಲರೂ ನಕ್ಕರು. ಕೈಯಲ್ಲಿ ಎಣ್ಣೆ ಸುರಿಯುವ ಬೋಂಡ, ಬಾಯಿಯಲ್ಲಿ ಅರ್ಧ ಅಗಿದ ಬೋಂಡ, ಅದರ ಜೊತೆಗೇ ನಗು. ಒಬ್ಬರ ಬಾಯಿಂದ ಚೂರು ಹಾರಿ ಕಾರ್ಪೆಟ್ ಮೇಲೆ ಬಿತ್ತು. ನಾನು ನನ್ನ ತಟ್ಟೆಯನ್ನು ಕೆಳಗಿಟ್ಟೆ. ಬಾಯಾರಿದ್ದಾರೆಂದು ಹಾಲು ಕೊಟ್ಟವರನ್ನು ಇವರು ಹೀಗೆ ಆಡಿಕೊಳ್ಳಬಹುದೇ? ಬೈಯೋಣ ಎಂದು ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ಉಳಿಯಿತು. ಯಾಕೆಂದರೆ ಸ್ನಾನದ ಆ ಮಾತು ಆ ದಿನ ಜೀಪಿನಲ್ಲಿ ಮೊದಲು ಆಡಿದವಳು ನಾನೇ. ಬದರಣ್ಣ ನನ್ನ ಜೋಕನ್ನೇ ಹೇಳುತ್ತಿದ್ದ.

"ಈಗ ಮೇನ್ ಪಿಚ್ಚರ್!" ಎಂದ ಅವನು.

ಗೋಪ್ರೋ ವಿಡಿಯೋ. ಅಜ್ಜಿ ಬುರುಡೆ ಹಿಡಿದು ಬರುತ್ತಾರೆ. ಅವರೆದುರು ನಾನು. ನನ್ನ ಮುಖ ಅಷ್ಟು ದೊಡ್ಡದಾಗಿ ನಾನು ಯಾವತ್ತೂ ನೋಡಿರಲಿಲ್ಲ. ಮೂಗು ಸೊಟ್ಟಗೆ ಮೇಲೆದ್ದಿದೆ. ತುಟಿ ಒಂದು ಕಡೆ ಎಳೆದುಕೊಂಡಿದೆ. ಕಣ್ಣು ಆ ಅಜ್ಜಿಯ ಬೆರಳುಗಳ ಮೇಲೆ, ಚರಂಡಿಯಲ್ಲಿ ಸತ್ತ ಇಲಿಯನ್ನು ನೋಡುವ ಹಾಗೆ. ಅಜ್ಜಿ ಆ ಮುಖವನ್ನು ಎರಡಡಿ ದೂರದಿಂದ ನೋಡುತ್ತಿದ್ದಾರೆ, ನೋಡುತ್ತಲೇ ಬುರುಡೆಯನ್ನು ಚಾಚುತ್ತಿದ್ದಾರೆ.

ಹಾಲು ಚೆಲ್ಲಿತು. ರೂಮು ನಗೆಯಿಂದ ಒಡೆದುಹೋಯಿತು. ಬದರಣ್ಣ ಅದನ್ನೇ ಸ್ಲೋಮೋಷನ್ನಿನಲ್ಲಿ ಇನ್ನೊಮ್ಮೆ ತೋರಿಸಿದ. ನಗು ಬಾರದಿದ್ದದ್ದು ನನಗೊಬ್ಬಳಿಗೆ. ಆ ಮುಖ ಇನ್ನೊಬ್ಬರದಾಗಿದ್ದರೆ ಕೆನ್ನೆಗೆ ಬಾರಿಸುತ್ತಿದ್ದೆ. ನನ್ನ ಜೀವನದಲ್ಲಿ ನಾನು ಕಂಡ ಅತ್ಯಂತ ಹೊಲಸು ವಸ್ತು ಅದೇ, ನನ್ನ ಮೂಗು.

"ಕಾಫಿ ಇಳಿಸಿದೀನಿ, ಬನ್ನಿ ರೀ!" ಎಂದು ಶ್ರೀವಿದ್ಯಕ್ಕ ಕೂಗಿದರು. ಬದರಣ್ಣ ರಿಮೋಟನ್ನು ಸೋಫಾದ ಮೇಲೆ ಎಸೆದು ಎದ್ದ. ಜನ ಅವನ ಹಿಂದೆ ಹೋದರು. ವಿಡಿಯೋ ನಿಲ್ಲಲಿಲ್ಲ. ಆ ದಿನ ಗೋಪ್ರೋ ಆಫ್ ಮಾಡುವುದನ್ನು ಬದರಣ್ಣ ಮರೆತಿದ್ದನೆಂದು, ಹಾಲು ಚೆಲ್ಲಿದ ಮುಂದಿನ ಭಾಗವನ್ನು ಅವನೂ ನೋಡಿರಲಿಲ್ಲವೆಂದು ನನಗೆ ಆಗ ಹೊಳೆಯಿತು. ನಾನು ಕದಲದೆ ಕೂತೆ.

ಟೀವಿಯಲ್ಲಿ ನಮ್ಮವರೆಲ್ಲ ಅಂಗಳದಿಂದ ಆಚೆ ಹೋಗಿದ್ದರು. ತ್ರಿವಿಕ್ರಮ ಒದ್ದೆ ಮಣ್ಣಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ನಾನು ಬುರುಡೆಯನ್ನು ತುರುಕಿದ್ದು ಅವನ ಕೈಗೇ. ಅದನ್ನು ಎರಡೂ ಕೈಯಲ್ಲಿ ಹಿಡಿದು ಅಜ್ಜಿಗೆ ಒಪ್ಪಿಸಿ ಏನೋ ಹೇಳಿದ, ಕ್ಷಮೆ ಕೇಳಿದ ಹಾಗಿತ್ತು. ಅಜ್ಜಿ ಅಳ್ಳಾಡಿಸಿ ನೋಡಿದರು. ತಳದಲ್ಲಿ ಇನ್ನೂ ಸ್ವಲ್ಪ ಇತ್ತು. ಎಮ್ಯಾನುಯೆಲ್ ಮೂಲಕ ಏನೋ ಕೇಳಿದರು. ತ್ರಿವಿಕ್ರಮನ ಇಂಗ್ಲಿಷ್ ಉತ್ತರ ಗಾಳಿಯ ಸದ್ದಿನಲ್ಲಿ ತುಂಡು ತುಂಡಾಗಿ ಕೇಳಿಸಿತು. ನಮ್ಮೂರಲ್ಲಿ ಹೀಗೇ ಕುಡಿಯುವುದು, ಹಿಂದೆ ಇನ್ನೊಬ್ಬರು ಕುಡಿಯುವವರು ಇರುತ್ತಾರಲ್ಲ, ಅವರಿಗೆ ಮರ್ಯಾದೆ ಕೊಡಲಿಕ್ಕೆ ಬಾಯಿ ತಾಕಿಸುವುದಿಲ್ಲ.

ಮರ್ಯಾದೆಯಂತೆ! ನನ್ನ ಕಣ್ಣು ಉರಿಯಿತು.

ಅಜ್ಜಿ ಅವನನ್ನೇ ತುಸು ಹೊತ್ತು ದಿಟ್ಟಿಸಿದರು. ಆಮೇಲೆ ಕತ್ತು ಹಿಂದಕ್ಕೆ ಚಾಚಿ ಬುರುಡೆ ಎತ್ತಿದರು. ಗೇಣಲ್ಲ, ಮೊಳದೆತ್ತರ. ನಿಧಾನಕ್ಕೆ ಬಗ್ಗಿಸಿದರು. ಹಾಲು ನೂಲಿನಂತೆ ಇಳಿದು ನೆಟ್ಟಗೆ ಬಾಯಿಗೆ ಬಿತ್ತು. ಒಂದು ಹನಿ ಚೆಲ್ಲಲಿಲ್ಲ! ಹೆಂಗಸರು ಚಪ್ಪಾಳೆ ತಟ್ಟಿದರು. ಅಜ್ಜಿ ಬಾಯಿ ಒರೆಸಿಕೊಂಡು, ಜೀಪಿನ ಕಡೆ ಬೆರಳು ತೋರಿಸಿ ಅವನನ್ನು ಮತ್ತೇನೋ ಕೇಳಿದರು. ಅವನು ತಲೆ ಕೆರೆದುಕೊಂಡು ಉತ್ತರ ಹೇಳಿದ. ಆ ಉತ್ತರಕ್ಕೇ ಎಲ್ಲರೂ ಕೇಕೆ ಹಾಕಿದ್ದು, ಆ ಕೇಕೆಗೇ ಅವನು ಹೊಟ್ಟೆ ಹಿಡಿದುಕೊಂಡದ್ದು. ಏನು ಹೇಳಿದ? ಅದೇ ಹೊತ್ತಿಗೆ ಅಡುಗೆಮನೆಯಿಂದ ಯಾರೋ "ಸಕ್ಕರೆ ಎಲ್ಲಿ?" ಎಂದು ಅರಚಿದರು. ಕೇಳಿಸಲಿಲ್ಲ.

"ಅಯ್ಯೋ, ಇದು ಇನ್ನೂ ಓಡ್ತಾ ಇದ್ಯಾ?" ಬದರಣ್ಣ ಕಾಫಿ ಹಿಡಿದು ಬಂದ.

"ಬದರಣ್ಣಾ, ಅದನ್ನ ಡಿಲೀಟ್ ಮಾಡಿ," ಎಂದೆ. ಎದ್ದು ನಿಂತೆ. "ಈಗಲೇ, ನನ್ನೆದುರಿಗೇ."

"ತಮಾಷೆಗಮ್ಮಾ, ನೀನು ಹಿಂಗೆ ಸೀರಿಯಸ್ಸಾಗಿ..."

"ನಮ್ಮನ್ನ ಮನೆಗೆ ಕರೆದು ಹಾಲು ಕೊಟ್ಟಿದಾರೆ ಅವರು. ನಾವು ಉಗಿದಿದೀವಿ, ಸಾಲದು ಅಂತ ವಿಡಿಯೋ ತೋರಿಸಿ ನಗ್ತಿದೀವಿ. ಥೂ, ನಮ್ಮ ಜನ್ಮಕ್ಕಿಷ್ಟು! ನಿಮಗೊಬ್ಬರಿಗಲ್ಲ, ನಂಗೂ ಸೇರಿಸಿಯೇ ಹೇಳ್ತಿದೀನಿ."

ಬದರಣ್ಣ ಪೆಚ್ಚು ಮೋರೆ ಹಾಕಿಕೊಂಡು ರಿಮೋಟು ಹುಡುಕತೊಡಗಿದ. ಶ್ರೀವಿದ್ಯಕ್ಕ ಕಾಫಿ ಲೋಟ ಹಿಡಿದೇ ನನ್ನ ಹತ್ತಿರ ಬಂದು ಕಿವಿಯಲ್ಲಿ ಹೇಳಿದರು, "ನಾನು ಡಿಲೀಟ್ ಮಾಡಿಸ್ತೀನಿ. ನೀನು ಹೋಗೇ ಮಾರಾಯ್ತಿ, ಅವನಿನ್ನೂ ಕಾರೊಳಗೇ ಕೂತಿದಾನೆ, ಕಿಟಕೀಲಿ ನೋಡ್ದೆ. ಹೊರಟುಬಿಡ್ತಾನೆ."

ಗ್ಯಾರೇಜಿನಲ್ಲಿ ಆ ಬೂಟು ಇರಲಿಲ್ಲ. ನಾನು ಚಪ್ಪಲಿಯನ್ನೂ ಹಾಕದೆ ಓಡಿದೆ. ನಾಲ್ಕು ಗಂಟೆಗೇ ಮಬ್ಬು ಕವಿದಿತ್ತು, ನವೆಂಬರಿನ ಜಿನುಗು ಬೇರೆ. ರಸ್ತೆಯ ಅಂಚಿನಲ್ಲಿ ಅವನ ಹಳೇ ಕರೋಲಾ, ವೈಪರ್ ಆಡುತ್ತಿದೆ. ಕಾಲಡಿ ಒದ್ದೆ ಎಲೆ, ಕೆಸರು, ಬಸವನಹುಳು ಏನೇನಿತ್ತೋ ದೇವರಿಗೇ ಗೊತ್ತು. ಕಿಟಕಿಗೆ ಗುದ್ದಿದೆ.

ಗಾಜು ಇಳಿಯಿತು. ಅವನು ನನ್ನ ಬರಿಗಾಲನ್ನು ನೋಡಿದ, ಆಮೇಲೆ ಮುಖ ನೋಡಿದ.

"ಕೆಸರು ತುಳಿದಿದೀಯ," ಎಂದ.

"ಗೊತ್ತು. ಇಳಿ ಕೆಳಗೆ."

ಇಳಿದ. ಬಾಗಿಲಿಗೆ ಒರಗಿ ಕೈ ಕಟ್ಟಿಕೊಂಡ. ಎರಡು ತಿಂಗಳಿಂದ ಕಾಯುತ್ತಿದ್ದ ಮಾತು ನನ್ನ ಗಂಟಲಿನಲ್ಲಿ ಗಡ್ಡೆಯಾಗಿ ನಿಂತಿತು. ಆಮೇಲೆ ಒಟ್ಟಿಗೆ ಬಂತು.

"ಆ ಅಜ್ಜಿಗೆ ಯಾಕೆ ಸುಳ್ಳು ಹೇಳಿದೆ? ಮರ್ಯಾದೆಯಂತೆ, ಮಣ್ಣಂತೆ! ನಂಗೆ ಅಸಹ್ಯ ಆಗಿತ್ತು ತ್ರಿವಿಕ್ರಮ್. ಹಾಲು, ನೊಣ, ಅವರ ಕೈ, ಎಲ್ಲಾ. ಅದಕ್ಕೇ ಎತ್ತಿದ್ದು. ನಾನು ಒಳ್ಳೆಯವಳಲ್ಲ. ನೀನು ನನ್ನ ನೋಡಿ ನಗ್ತಿದೀಯ ಅಂದ್ಕೊಂಡೆ, ನಿನ್ನ ನಂಬರ್ ಬ್ಲಾಕ್ ಮಾಡಿದೆ, ದಿನಾ ಬೈದೆ. ಇವತ್ತು ನನ್ನ ಮುಖ ನೋಡ್ದೆ ಟೀವೀಲಿ. ಥೂ ಅನ್ನಿಸ್ತು."

"ಅಸಹ್ಯ ಆಗಿದ್ದು ಗೊತ್ತು," ಎಂದ ಮೆಲ್ಲಗೆ. "ನಿನ್ನ ಮೂಗು ನೋಡಿದ್ದೆ."

"ಮತ್ತೆ ಯಾಕೆ ಹಂಗೆ ಹೇಳಿದೆ?"

"ನಮ್ಮಜ್ಜಿ ನಂಗೆ ಹಂಗೇ ಹೇಳಿಕೊಟ್ಟಿದ್ರು. ಚೊಂಬು ಎತ್ತಿ ಕುಡಿ, ಹಿಂದೆ ಬರೋರಿಗೂ ಬಾಯಿದೆ ಅಂತ. ನಿಮ್ಮಜ್ಜಿ ಬೇರೆ ಥರ ಹೇಳಿರಬಹುದು. ನಾನು ನಮ್ಮಜ್ಜಿ ಮಾತು ನಿನಗೆ ಕೊಟ್ಟೆ, ಅಷ್ಟೇ."

ನಾನು ಮೂಗು ಒರೆಸಿಕೊಂಡೆ. ಕುರ್ತಾದ ತೋಳಿನಿಂದಲೇ. "ಅವರು ನಂಬಿದ್ರಾ?"

"ಎಲ್ಲಿ ನಂಬ್ತಾರೆ? ಅವರಿಗೂ ಕಣ್ಣಿದೆ, ಅವರೂ ಮೂಗು ನೋಡಿದ್ರು." ಅವನ ತುಟಿಯ ತುದಿ ಒಂಚೂರು ಮೇಲೆದ್ದಿತು. "ಕುಡಿದು ತೋರಿಸಿದ ಮೇಲೆ, ಈ ಪಾಟಿ ಸುಳ್ಳು ಹೇಳ್ತಿದೀಯಲ್ಲ, ಅವಳು ನಿನ್ನ ಹೆಂಡತಿಯಾ ಅಂತ ಕೇಳಿದ್ರು."

ನಾನು ಒಂದು ಹೆಜ್ಜೆ ಮುಂದೆ ಬಂದೆ. "ನೀನೇನಂದೆ?"

"ಇನ್ನೂ ಕೇಳಿಲ್ಲ, ಸಿಯಾಟಲ್‌ಗೆ ಹೋಗಿ ಕೇಳ್ಬೇಕು ಅಂದೆ. ಅದಕ್ಕೇ ಅವರೆಲ್ಲ ನಕ್ಕಿದ್ದು. ನಾನೂ ನಕ್ಕೆ. ಬೇಗ ಕೇಳೋ ದಡ್ಡ, ಜೀಪಿನ ಬಾಗಿಲು ಹಾಕ್ಕೊಂಡಿದಾಳೆ ಅಂದ್ರು. ಓಡಿಬಂದೆ. ನೀನು ಗಾಜು ಇಳಿಸಿದೆ."

ಅಯ್ಯೋ ದೇವರೇ. ನಾನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡೆ. ಕೈಯಲ್ಲಿ ಬೋಂಡದ ಎಣ್ಣೆ ಇತ್ತು. ಇರಲಿ.

"ನಿಂಗೂ ಒಂದು ಮಾತು ಹೇಳಿ ಕಳಿಸಿದಾರೆ," ಎಂದ. "ಎರಡು ತಿಂಗಳಿಂದ ಇಟ್ಕೊಂಡಿದೀನಿ. ನೀನು ಬ್ಲಾಕ್ ಮಾಡಿದ್ಯಲ್ಲ."

"ಏನಂತೆ?"

"ಬುರುಡೆ ಕತ್ತು ಸಣ್ಣದು. ಮೊದಲು ಬರಲ್ಲ, ಆಮೇಲೆ ಎಲ್ಲಾ ಒಟ್ಟಿಗೆ ಬರುತ್ತೆ. ಮುಂದಿನ ಸಲ ನಿಧಾನಕ್ಕೆ ಬಗ್ಗಿಸು ಅಂತ ಆ ಹುಡುಗಿಗೆ ಹೇಳು ಅಂದ್ರು."

ಮುಂದಿನ ಸಲ. ಅಂಥ ಮುಖ ನೋಡಿದ ಮೇಲೂ ಆಕೆ ಮುಂದಿನ ಸಲ ಎಂದಿದ್ದರು. ನನಗೆ ಅಳು ತಡೆಯಲಾಗಲಿಲ್ಲ, ಜೋರಾಗಿಯೇ ಅತ್ತೆ. ತ್ರಿವಿಕ್ರಮ ಮುಟ್ಟಲಿಲ್ಲ. ಮುಟ್ಟಲೋ ಬೇಡವೋ ಎಂದು ಅವನ ಕೈ ಎರಡು ಸಲ ಎದ್ದು ಎರಡು ಸಲ ಇಳಿದದ್ದನ್ನು ಬೆರಳ ಸಂದಿಯಿಂದ ನೋಡಿದೆ.

"ಅವರ ಹೆಸರೇನು?" ಎಂದು ಕೇಳಿದೆ. ಅಷ್ಟು ಹೊತ್ತು ಅವರ ಅಂಗಳದಲ್ಲಿದ್ದು ನಾನು ಅದನ್ನೂ ಕೇಳಿರಲಿಲ್ಲ.

"ಉದಾಬೇನಾ."

ಎರಡು ಸಲ ತಪ್ಪು ಹೇಳಿದೆ. ಅವನು ತಿದ್ದಿದ. ಮೂರನೇ ಸಲ ಸರಿ ಬಂತು.

ಅವನು ಡ್ಯಾಶ್‌ಬೋರ್ಡಿನ ಮೇಲಿದ್ದ ಸ್ಟೀಲ್ ಬಾಟಲಿ ತೆಗೆದು ಎರಡು ಗುಟುಕು ಕುಡಿದ. ಕಚ್ಚಿ, ಬಾಯಿ ತುಂಬ. ಅವನಿಗೂ ಗಂಟಲು ಒಣಗಿದೆ ಎಂದು ಗೊತ್ತಾಗಿ ನನಗೆ ಧೈರ್ಯ ಬಂತು.

"ಈಗ ಕೇಳು," ಎಂದೆ.

"ಏನನ್ನ?"

"ಸಿಯಾಟಲ್‌ಗೆ ಬಂದ್ಮೇಲೆ ಕೇಳ್ತೀನಿ ಅಂದಿದ್ಯಲ್ಲ."

"ಉತ್ತರ ಆಗ್ಲೇ ಬಂದಿತ್ತಲ್ಲ, ಇಲ್ಲ ಅಂತ."

"ನೀನು ಕೇಳೇ ಇಲ್ಲವಲ್ಲೋ. ಕೇಳದೆ ಇದ್ದಿದ್ದಕ್ಕೆ ಹೇಳಿದ ಉತ್ತರ ಲೆಕ್ಕಕ್ಕಿಲ್ಲ."

ಅವನು ನನ್ನನ್ನು ನೋಡಿದ. ಕಣ್ಣಿನಿಂದ ಕಿವಿಗೆ, ಕಿವಿಯಿಂದ ಕಣ್ಣಿಗೆ. "ಕಿವಿ ಕೆಂಪಗಿದೆ," ಎಂದ.

"ಚಳಿ."

"ಎರಡೂ ಕಿವಿಗೆ?"

"ಹೂಂ. ಎರಡಕ್ಕೂ."

"ನನ್ನ ಮದುವೆ ಆಗ್ತೀಯಾ ವಸಂತಾ? ಬೂಟು ತೊಳ್ಯಲ್ಲ, ಕಕ್ಕಸು ಡಿಸೈನ್ ಮಾಡ್ತೀನಿ, ಕಂಡೋರ ತಟ್ಟೇಲಿ ತಿಂತೀನಿ. ಯೋಚಿಸಿ ಹೇಳು. ನಾಳೆ ಬೆಳಿಗ್ಗೆ ಕೆರೊಲಿನಾದವರಿಗೆ ಬೇರೆ ಬರೀಬೇಕು."

ಹೂಂ ಎನ್ನುವ ಬದಲು ಅವನ ಕೈಯಿಂದ ಬಾಟಲಿ ಕಿತ್ತುಕೊಂಡೆ. ಇಪ್ಪತ್ತೇಳು ವರ್ಷದ ಅಭ್ಯಾಸ, ಕೈ ತಾನಾಗಿ ಮೇಲಕ್ಕೆ ಹೋಯಿತು, ಕತ್ತು ಹಿಂದಕ್ಕೆ ವಾಲಿತು. ಅಲ್ಲೇ ನಿಲ್ಲಿಸಿದೆ. ಅವನು ನೋಡುತ್ತಿದ್ದ. ಬಾಟಲಿಯನ್ನು ನಿಧಾನಕ್ಕೆ ಕೆಳಗಿಳಿಸಿ, ಒರೆಸದೆ, ಅವನ ಬಾಯಿ ಇದ್ದ ಜಾಗಕ್ಕೇ ತುಟಿಯಿಟ್ಟು ಕುಡಿದೆ. ಬೋಂಡ, ಈರುಳ್ಳಿ, ಹಳೇ ಸ್ಟೀಲಿನ ವಾಸನೆ.

"ಹೆಂಗಿದೆ?" ಎಂದ, ದನಿಯೇ ಇಲ್ಲದವನ ಹಾಗೆ.

"ಅಸಹ್ಯವಾಗಿದೆ."

"ಹಂಗಾದ್ರೆ ವಾಪಸ್ ಕೊಡು."

ನಾನು ಬಾಟಲಿಯನ್ನು ಬೆನ್ನ ಹಿಂದೆ ಹಿಡಿದುಕೊಂಡೆ. ಕೊಡಲಿಲ್ಲ.